ಮಂಗಳವಾರ, ಮಂಗಗಳ ವಾರ

ದಸರೆ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಮೃಗಾಲಯಕ್ಕೆ ಹೊರಟಿರುವವರಲ್ಲಿ ನನ್ನದೊಂದು ಮನವಿ. ಹೊರಡುವ ಮುಂಚೆ ಒಂದು ಕಾಲು ಗಂಟೆ ಇದನ್ನು ಓದಿ. ಟಿಕೆಟ್ ಸಾಲಿನಲ್ಲಿ ನಿಂತೂ ಓದಬಹುದು. ಹಬ್ಬದ ದಿನಗಳಲ್ಲಿ ಆ ಸಾಲು ಈ ಬರಹಕ್ಕಿಂತ ಉದ್ದವಾಗಿಯೇ ಇರುತ್ತದೆ.

ಮೈಸೂರಿನಲ್ಲಿ ಮನೆ ಮಾಡಿದವರಿಗೆ ನೆಂಟರ ಜೊತೆ ಝೂ ಸುತ್ತುವ ಋಣ ತಪ್ಪಿದ್ದಲ್ಲ. ಅರಮನೆಗೆ ಅವರನ್ನು ಒಳಗೆ ಕಳಿಸಿ ನಾವು ಹೊರಗೆ ಕಾಫಿ ಕುಡಿಯುತ್ತಾ ಕೂರಬಹುದು. ಚಾಮುಂಡಿ ಬೆಟ್ಟಕ್ಕೆ ಬಸ್ ಹತ್ತಿಸಿ ಕೈಬೀಸಬಹುದು. ಝೂಗೆ ಮಾತ್ರ ನಾವೇ ಹೋಗಬೇಕು. ಮಕ್ಕಳು ಕಳೆದುಹೋದರೆ ಮಾತು ಬರುವುದು ನಮ್ಮ ಮೇಲೆ. ಹೀಗೆ ಸುಮಾರು ಮೂವತ್ತು ವರ್ಷ ಸುತ್ತಿದ್ದೇನೆ. ಮೈಸೂರಿನದಲ್ಲದೆ ಬನ್ನೇರುಘಟ್ಟ, ಶಿವಮೊಗ್ಗದ ತ್ಯಾವರೆಕೊಪ್ಪ, ಮಂಗಳೂರಿನ ಪಿಲಿಕುಳ, ಹೊರರಾಜ್ಯದ ಕೆಲವನ್ನೂ ನೋಡಿದ್ದೇನೆ. ಎಲ್ಲ ಕಡೆಯೂ ಒಂದೇ ಕಥೆ. ಹುಲಿ ಮಲಗಿರುತ್ತದೆ, ಮೊಸಳೆ ಬಂಡೆಯ ಹಾಗೆ ಬಿದ್ದಿರುತ್ತದೆ, ಜಿರಾಫೆ ತನ್ನ ಪಾಡಿಗೆ ಸೊಪ್ಪು ಮೆಲ್ಲುತ್ತದೆ. ಜನ ಎರಡು ನಿಮಿಷ ನೋಡಿ ಮುಂದಕ್ಕೆ ಹೋಗುತ್ತಾರೆ. ಮಂಗಗಳ ಮುಂದೆ ಹಾಗಲ್ಲ. ಅಲ್ಲಿ ಕಾಲೂರಿ ನಿಲ್ಲುತ್ತಾರೆ, ಕೂಗುತ್ತಾರೆ, ಹಲ್ಲು ಕಿರಿಯುತ್ತಾರೆ, ಕಂಕುಳು ಕೆರೆದು ತೋರಿಸುತ್ತಾರೆ. ನಮ್ಮ ನೆಂಟರಲ್ಲಿ ಒಬ್ಬರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಮದುವೆ ಮನೆಯಲ್ಲೂ ನಗದವರು. ಅವರು ಕೂಡ ಕಂದಕದ ಕಟ್ಟೆಯ ಮೇಲೆ ಬಗ್ಗಿ "ಹೂಪ್ ಹೂಪ್" ಎಂದದ್ದನ್ನು ಈ ಕಣ್ಣಲ್ಲಿ ಕಂಡಿದ್ದೇನೆ. ಕಪಿಚೇಷ್ಟೆ ಎಂಬ ಪದ ಕಂದಕದ ಈಚೆ ದಡಕ್ಕೇ ಹೆಚ್ಚು ಒಪ್ಪುತ್ತದೆ.

ಮೃಗಾಲಯವೊಂದರಲ್ಲಿ ಬಹುಕಾಲ ಮಂಗಗಳನ್ನು ನೋಡಿಕೊಂಡು ನಿವೃತ್ತರಾದ ಪಾಲಕರೊಬ್ಬರ ಪರಿಚಯ ನನಗಿದೆ. ಅವರ ಮಾತಿನಿಂದಲೇ ಈ ಬರಹ ಹುಟ್ಟಿದ್ದು. "ಮಂಗಳವಾರ ಅಂದ್ರೆ ಮಂಗಗಳ ವಾರ ಸಾರ್. ಅವತ್ತು ಅವು ಬೇರೇನೇ ಆಗಿರ್ತವೆ" ಎಂದಿದ್ದರು. ಮೈಸೂರಿಗೂ ಬನ್ನೇರುಘಟ್ಟಕ್ಕೂ ವಾರದ ರಜೆ ಮಂಗಳವಾರ. ಅವತ್ತು ಗೇಟು ಮುಚ್ಚಿರುತ್ತದೆ. ಅವರು ಹೇಳುವಂತೆ, ಅವತ್ತು ಸಿಂಗಳೀಕಗಳು ಕಂದಕದ ಅಂಚಿಗೆ ಬಂದು ಕೈಚಾಚಿ ಕೂರುವುದಿಲ್ಲ. ಹಿಂದಿನ ಮರದ ನೆರಳಿನಲ್ಲಿ ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತಾ, ಕಣ್ಣುಮುಚ್ಚಿ ಅಂಗಾತ ಬಿದ್ದು, ಹೊತ್ತು ಕಳೆಯುತ್ತವೆ. "ಬುಧವಾರ ಬೆಳಿಗ್ಗೆ ಮೊದಲನೇ ಸ್ಕೂಲ್ ಬಸ್ಸಿನ ಸದ್ದು ಕೇಳ್ತಿದ್ದಂಗೆ ದೊಡ್ಡ ಗಂಡು ಎದ್ದು ನಿಂತ್ಕೊತದೆ. ಡ್ಯೂಟಿಗೆ ಬಂದಂಗೆ."

ಸಾಕಿದವರ ಮಮತೆಯ ಮಾತು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ವಿಜ್ಞಾನಿಗಳು ಇದನ್ನೇ ಅಳೆದು ಬರೆದಿದ್ದಾರೆ. ಅವಂತಿ ಮಲ್ಲಾಪುರ, ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನ ಅನಿಂದ್ಯ ಸಿನ್ಹಾ ಮತ್ತು ನಟಾಲಿ ವಾರನ್ ಸೇರಿ ಭಾರತದ ಹಲವು ಮೃಗಾಲಯಗಳ ಸಿಂಗಳೀಕಗಳನ್ನು ಗಮನಿಸಿ 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಜನರಿದ್ದಾಗಿನ ನಡವಳಿಕೆಯನ್ನೂ ಜನರಿಲ್ಲದಾಗಿನ ನಡವಳಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಜನರಿದ್ದಾಗ ಅಸಹಜ ವರ್ತನೆಗಳು ಹೆಚ್ಚು, ತಮ್ಮತಮ್ಮೊಳಗಿನ ಒಡನಾಟ ಕಡಿಮೆ. ಪಾಲಕರ ಮಂಗಳವಾರಕ್ಕೆ ಅಂಕಿಅಂಶದ ಸಾಕ್ಷಿ ಸಿಕ್ಕಿತ್ತು.

ಅಸಹಜ ವರ್ತನೆ ಎಂದರೆ ಏನು? ನನಗೂ ಗೊತ್ತಿರಲಿಲ್ಲ. ಹೊರರಾಜ್ಯದ ಒಂದು ಹಳೆಯ ಮೃಗಾಲಯದಲ್ಲಿ, ನೆಂಟರು ಹಾವಿನ ಮನೆಗೆ ಹೋದಾಗ, ನಾನು ಒಂದು ಕೋತಿಯ ಬೋನಿನ ಮುಂದೆ ಗಡಿಯಾರ ಹಿಡಿದು ಇಪ್ಪತ್ತು ನಿಮಿಷ ನಿಂತೆ. ಏಳು ಹೆಜ್ಜೆ ಆ ಕಡೆ. ಗೋಡೆ ತಲುಪಿದಾಗ ಕತ್ತನ್ನು ಹಿಂದಕ್ಕೆ ಎಸೆದು, ಮೇಲೆ ನೋಡಿ, ಒಂದು ಸುತ್ತು. ಏಳು ಹೆಜ್ಜೆ ಈ ಕಡೆ. ಮತ್ತೆ ಕತ್ತು, ಮತ್ತೆ ಸುತ್ತು. ಗೋಡೆಯ ಆ ಜಾಗದಲ್ಲಿ ಅದರ ಭುಜ ತಾಗಿ ತಾಗಿ ಸುಣ್ಣ ಹೋಗಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಒಮ್ಮೆಯೂ ಲೆಕ್ಕ ತಪ್ಪಲಿಲ್ಲ. ನನ್ನ ಪಕ್ಕದಲ್ಲಿದ್ದ ಹುಡುಗ "ನೋಡಪ್ಪ, ಡ್ಯಾನ್ಸ್ ಮಾಡ್ತಿದೆ" ಎಂದ. ಅವನ ಅಪ್ಪ ವಿಡಿಯೋ ತೆಗೆದುಕೊಂಡರು.

ಅದು ಡ್ಯಾನ್ಸ್ ಅಲ್ಲ. ಮಾಡಲು ಏನೂ ಇಲ್ಲದ, ಹೋಗಲು ಎಲ್ಲೂ ಇಲ್ಲದ ಮನಸ್ಸು ತನಗೆ ತಾನೇ ಕಟ್ಟಿಕೊಂಡ ಗಾಣ. ಒಂದೇ ಕಡೆ ಕೂತು ಹಿಂದೆಮುಂದೆ ತೂಗುವುದು, ತನ್ನ ಮೈಯ ಕೂದಲು ತಾನೇ ಕಿತ್ತುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ತಿಂದದ್ದನ್ನು ಕಕ್ಕಿ ಮತ್ತೆ ತಿನ್ನುವುದು, ಇವೆಲ್ಲ ಅದೇ ಜಾತಿಯವು. ಕಾಡಿನಲ್ಲಿ ಇವು ಕಾಣಸಿಗುವುದಿಲ್ಲ ಎನ್ನಬಹುದು. ಕಾಡಿನ ಸಿಂಗಳೀಕಕ್ಕೆ ಅಂಥ ಪುರುಸೊತ್ತೆಲ್ಲಿ? ಶರಾವತಿ ಕಣಿವೆಯಲ್ಲೋ, 2011ರಲ್ಲಿ ಸಿಂಗಳೀಕಗಳಿಗೆಂದೇ ಸಂರಕ್ಷಿತ ಪ್ರದೇಶ ಘೋಷಿಸಿದ ಅಘನಾಶಿನಿಯ ಕಾಡಿನಲ್ಲೋ ಅದು ಹಗಲಿನ ಹೆಚ್ಚಿನ ಪಾಲನ್ನು ಮೇವು ಹುಡುಕುವುದರಲ್ಲೇ ಕಳೆಯುತ್ತದೆ. ಯಾವ ಮರ ಯಾವಾಗ ಹಣ್ಣಾಗುತ್ತದೆಂದು ನೆನಪಿಡಬೇಕು, ತೊಗಟೆ ಸುಲಿದು ಹುಳು ತೆಗೆಯಬೇಕು, ಸಿಕ್ಕಿದ್ದನ್ನು ಗಲ್ಲದ ಚೀಲಕ್ಕೆ ತುರುಕಿಕೊಂಡು ಇನ್ನೊಂದು ಕೊಂಬೆಗೆ ಓಡಬೇಕು. ಜೊತೆಗೆ ಯಾರು ದೊಡ್ಡವರು, ಯಾವ ಮಗು ಯಾರದು, ಯಾರ ಮೇಲೆ ಯಾರಿಗೆ ಮುನಿಸು ಎಂಬ ಸಂಸಾರದ ಲೆಕ್ಕ. ಬೋನಿನಲ್ಲಿ ಬೆಳಿಗ್ಗೆ ಹೆಚ್ಚಿದ ಬಾಳೆಹಣ್ಣು, ಕ್ಯಾರೆಟ್ಟು ತಟ್ಟೆಯಲ್ಲಿ ಬರುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಹಗಲೆಲ್ಲ ಏನು ಮಾಡಬೇಕು? ಎದುರಿಗೆ ನಾವಿರುತ್ತೇವೆ. ನಾವೇ ಅದರ ಹವಾಮಾನ.

ಹಾಗಾಗಿ ನನ್ನ ಬೇಡಿಕೆ ಮೃಗಾಲಯದವರ ಹತ್ತಿರ ಹೋಗುವ ಮೊದಲು ನಿಮ್ಮ ಹತ್ತಿರ ಬಂದಿದೆ. ತಿನ್ನಲು ಏನನ್ನೂ ಎಸೆಯಬೇಡಿ. "ಒಂದು ಕಡಲೆಕಾಯಿಗೆ ಏನಾಗುತ್ತೆ" ಎನ್ನುವವರು ತಮ್ಮ ಹಿಂದೆ ಅದೇ ಮಾತು ಹೇಳಲು ಸಾಲುಗಟ್ಟಿ ನಿಂತವರನ್ನು ತಿರುಗಿ ನೋಡಲಿ. ಕಡಲೆಕಾಯಿಯ ಜೊತೆ ನಮ್ಮ ಕೈಯ ಎಂಜಲು, ನೆಗಡಿ, ಕೆಮ್ಮು ಎಲ್ಲ ಹೋಗುತ್ತವೆ. ಮನುಷ್ಯರ ಕ್ಷಯ, ಫ್ಲೂ ಅವುಗಳಿಗೂ ತಗಲುತ್ತವೆ. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಸಫಾರಿ ಪಾರ್ಕಿನ ಗೊರಿಲ್ಲಾಗಳಿಗೆ ಕೋವಿಡ್ ಬಂದಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಎಸೆಯುವ ಕೈ ಕಂಡ ಮಂಗ ತನ್ನ ಗುಂಪಿನ ಕಡೆ ಬೆನ್ನು ಮಾಡಿ ಇಡೀ ದಿನ ಭಿಕ್ಷೆಗೆ ಕೂರುತ್ತದೆ. ಕೀಟಲೆ ಮಾಡುವುದು, ತಿನ್ನಿಸುವುದು, ಗದ್ದಲದಿಂದ ಕಾಡುವುದು ವನ್ಯಜೀವಿ ಕಾಯ್ದೆಯ 38ಜೆ ಕಲಮಿನ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು. ಈ ಕಲಮು ನೆನಪಿಸಿ ಯಾರನ್ನೂ ಬದಲಾಯಿಸಬಹುದೆಂಬ ಭ್ರಮೆ ನನಗಿಲ್ಲ. ಆದರೂ ಪಕ್ಕದಲ್ಲಿ ನಿಂತು ಕಲ್ಲು ಹುಡುಕುತ್ತಿರುವವನಿಗೆ ಹೇಳಲು ಒಂದು ನಂಬರು ಕೈಯಲ್ಲಿದ್ದರೆ ಅನುಕೂಲ.

ಹಲ್ಲು ಕಿರಿಯಬೇಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪ್ರೀತಿಯಿಂದಲೇ ಈ ತಪ್ಪು ಆಗುತ್ತದೆ. ಕೋತಿಯ ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಿ ಬಾಯಿ ತೆರೆದರೆ ಅದರ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ಸದ್ದಿಲ್ಲದೆ ತುಟಿ ಹಿಂದಕ್ಕೆಳೆದು ಹಲ್ಲು ತೋರಿಸುವುದು ಹೆದರಿದವರ, ಸೋತವರ ಮುಖ. ನಾವು ನಗುತ್ತಾ ದಿಟ್ಟಿಸಿದಾಗ ಎರಡೂ ಬೆರೆತ ಗೊಂದಲದ ಪತ್ರ ಅದಕ್ಕೆ ತಲುಪುತ್ತದೆ. ಅದು ತಿರುಗಿ ಹಲ್ಲು ತೋರಿಸಿದರೆ "ನಗ್ತಿದೆ, ನಗ್ತಿದೆ" ಎಂದು ಕುಣಿಯುತ್ತೇವೆ.

ಈ ನಗುವಿನ ವ್ಯಾಪಾರ ಈಗ ಮೊಬೈಲಿಗೂ ಬಂದಿದೆ. ಫ್ರಾಕು ತೊಡಿಸಿದ ಮರಿ ಚಿಂಪಾಂಜಿ ಹಲ್ಲು ಬಿಟ್ಟುಕೊಂಡು ಕೂತ ವಿಡಿಯೋ ನಿಮಗೂ ಬಂದಿರಬೇಕು. ಕಾಡುಪಾಪದ ನೆಂಟ ಸ್ಲೋ ಲೋರಿಸ್‌ಗೆ ಕಚಗುಳಿ ಇಟ್ಟಾಗ ಅದು ಎರಡೂ ಕೈ ಮೇಲೆತ್ತುವ ವಿಡಿಯೋವನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ಮುದ್ದಿನಿಂದ ನೋಡಿದ್ದಾರೆ. ಕೈ ಎತ್ತುವುದು ಇನ್ನಷ್ಟು ಕಚಗುಳಿ ಬೇಕೆಂದಲ್ಲ. ಆ ಪ್ರಾಣಿಯ ತೋಳಿನ ಒಳಭಾಗದಲ್ಲಿ ಒಂದು ಗ್ರಂಥಿಯಿದೆ. ಅದರ ರಸ ಜೊಲ್ಲಿನೊಡನೆ ಬೆರೆತು ವಿಷವಾಗುತ್ತದೆ. ಗಾಬರಿಯಾದಾಗ ಕಚ್ಚಲು ತಯಾರಾಗುವ ಭಂಗಿ ಅದು. ಸಾಕಲು ಮಾರುವವರು ಮೊದಲೇ ಅದರ ಹಲ್ಲು ಕತ್ತರಿಸಿರುತ್ತಾರೆ. ಹಗಲಿನ ಬೆಳಕು ಸಹಿಸದ ನಿಶಾಚರಿ ಜೀವ ಟ್ಯೂಬ್‌ಲೈಟಿನ ಕೆಳಗೆ ಕೈಯೆತ್ತಿ ಕೂತಿರುತ್ತದೆ, ನಾವು ಹೃದಯದ ಗುರುತು ಒತ್ತುತ್ತೇವೆ. ಇಂಥದ್ದು ಬಂದರೆ ಲೈಕ್ ಒತ್ತಬೇಡಿ, ಫ್ಯಾಮಿಲಿ ಗ್ರೂಪಿಗೆ ಕಳಿಸಬೇಡಿ. ಕಳಿಸಿದ ಚಿಕ್ಕಪ್ಪನಿಗೆ ಬೇಸರವಾಗದ ಹಾಗೆ ಒಂದು ಸಾಲು ಬರೆಯಿರಿ, ಸಾಕು.

ಇಷ್ಟರವರೆಗೆ ಬೇರೆಯವರ ತಪ್ಪು ಹೇಳಿದೆ. ನನ್ನದೂ ಇದೆ.

ಮಲೆನಾಡಿನ ಅಜ್ಜನ ಮನೆಯಲ್ಲಿ ಕೆಂಚ ಎಂಬ ಮಂಗ ಇತ್ತು. ತೋಟಕ್ಕೆ ನುಗ್ಗಿದ ಹಿಂಡಿಗೆ ಯಾರೋ ಕೋವಿ ಹಾರಿಸಿದರು, ತಾಯಿ ಬಿತ್ತು, ಹೊಟ್ಟೆಗೆ ಕಚ್ಚಿಕೊಂಡಿದ್ದ ಮರಿ ಉಳಿಯಿತು. ಕರುಣೆಯಿಂದಲೇ ಮನೆಗೆ ತಂದರು. ಬಾಟಲಿಯಲ್ಲಿ ಹಾಲು ಕುಡಿಸಿದರು. ಅಜ್ಜಿಯ ಸೆರಗಿನೊಳಗೆ ನಿದ್ದೆ ಮಾಡುತ್ತಿತ್ತಂತೆ. ನನಗೆ ನೆನಪಿರುವ ಹೊತ್ತಿಗೆ ಕೆಂಚನ ಸೊಂಟಕ್ಕೆ ಚರ್ಮದ ಪಟ್ಟಿ, ಪಟ್ಟಿಗೆ ಸರಪಳಿ, ಸರಪಳಿ ಹಲಸಿನ ಮರಕ್ಕೆ. ಸರಪಳಿಯ ಉದ್ದಕ್ಕೆ ಸರಿಯಾಗಿ ನೆಲದ ಮೇಲೆ ಹುಲ್ಲು ಹುಟ್ಟದ ಒಂದು ವೃತ್ತ. ಮಳೆಗಾಲದಲ್ಲಿ ಕೊಡುತ್ತಿದ್ದ ಹಳೆಯ ಗೋಣಿಚೀಲವನ್ನು ಅದು ಎರಡೂ ಕೈಯಲ್ಲಿ ಅವುಚಿಕೊಂಡು ಹಿಂದೆಮುಂದೆ ತೂಗುತ್ತಿತ್ತು. ಚೀಲ ಕಿತ್ತುಕೊಂಡರೆ ಕಿರುಚುತ್ತಿತ್ತು. ಬೇಸಗೆ ರಜೆಗೆ ಹೋದ ನಾವು ಐದಾರು ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದೆವು. ಗೋಡಂಬಿ ಹಣ್ಣನ್ನು ವೃತ್ತದಿಂದ ಒಂದು ಗೇಣು ಆಚೆ ಇಡುತ್ತಿದ್ದೆ. ಅದು ಸರಪಳಿ ಬಿಗಿದು, ಮಕಾಡೆ ಮಲಗಿ, ಕಾಲು ಚಾಚಿ ಎಟುಕಿಸಿಕೊಳ್ಳಲು ನೋಡುತ್ತಿತ್ತು. ಎಟುಕುವ ಹೊತ್ತಿಗೆ ಇನ್ನೊಂದು ಬೆರಳು ದೂರ ಸರಿಸುತ್ತಿದ್ದೆ. ನನಗೆ ಆಗ ಒಂಬತ್ತು ವರ್ಷ. ಒಂಬತ್ತು ವರ್ಷ ಎನ್ನುವುದು ಒಂದು ಸಮಜಾಯಿಷಿಯೇ.

ದೊಡ್ಡದಾಗಿ ಕೋರೆಹಲ್ಲು ಬಂದ ಮೇಲೆ ಕೆಂಚ ಅತ್ತೆಯ ಮಗಳ ಕೈ ಕಚ್ಚಿತು. ಎಂಟು ಹೊಲಿಗೆ. ಮರುದಿನವೇ ಜೀಪಿನಲ್ಲಿ ಘಾಟಿಗೆ ಕೊಂಡೊಯ್ದು ಬಿಟ್ಟು ಬಂದರು. "ಕಾಡಿಗೆ ಬಿಟ್ಟೆವು" ಎಂದು ಮನೆಯವರೆಲ್ಲ ಸಮಾಧಾನ ಪಟ್ಟುಕೊಂಡರು. ಮರದಲ್ಲಿ ಹಣ್ಣು ಹುಡುಕಲು ಕಲಿಯದ, ತನ್ನವರ ಮುಖದ ಭಾಷೆ ತಿಳಿಯದ, ಗುಂಪೇ ಇಲ್ಲದ ಮಂಗ ಬೇರೆ ಹಿಂಡಿನ ಸೀಮೆಯಲ್ಲಿ ಎಷ್ಟು ದಿನ ಬದುಕಿರಬಹುದು ಎಂದು ನಾನು ಲೆಕ್ಕ ಹಾಕಿದ್ದು ತುಂಬಾ ತಡವಾಗಿ.

ಗೋಣಿಚೀಲದ ಅರ್ಥ ಇನ್ನೂ ತಡವಾಗಿ ಆಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೊ ಎಂಬ ಮನಶ್ಶಾಸ್ತ್ರಜ್ಞ ರೀಸಸ್ ಕೋತಿಯ ಮರಿಗಳನ್ನು ತಾಯಿಯಿಂದ ಅಗಲಿಸಿ ಎರಡು ಗೊಂಬೆಗಳ ಜೊತೆ ಇಟ್ಟ. ಒಂದು ತಂತಿಯದು, ಅದರಲ್ಲಿ ಹಾಲಿನ ಬಾಟಲಿ. ಇನ್ನೊಂದು ಬಟ್ಟೆ ಸುತ್ತಿದ್ದು, ಹಾಲಿಲ್ಲ. ಮರಿಗಳು ಹಸಿವಾದಾಗ ತಂತಿಯ ಹತ್ತಿರ ಹೋಗಿ, ಹೊಟ್ಟೆ ತುಂಬಿದೊಡನೆ ಓಡಿಬಂದು ಬಟ್ಟೆಯನ್ನು ತಬ್ಬಿಕೊಂಡವು. 1958ರಲ್ಲಿ ಆತ ಇದನ್ನು ಲೋಕಕ್ಕೆ ಹೇಳಿದಾಗ, ತಾಯಿ ಎಂದರೆ ಹಾಲು ಎಂದುಕೊಂಡಿದ್ದ ಪಂಡಿತರ ಬಾಯಿ ಕಟ್ಟಿತು. ಆಮೇಲೆ ಆತ ಮರಿಗಳನ್ನು ಪೂರ್ತಿ ಒಂಟಿಯಾಗಿಯೂ ಇಟ್ಟ. ಅವು ತಮ್ಮನ್ನೇ ತಬ್ಬಿಕೊಂಡು ತೂಗಿದವು, ತಮ್ಮನ್ನೇ ಕಚ್ಚಿಕೊಂಡವು. ಹಾಗೆ ಬೆಳೆದ ಹೆಣ್ಣುಗಳಿಗೆ ಮರಿ ಹುಟ್ಟಿದಾಗ ಎತ್ತಿಕೊಳ್ಳುವುದೂ ತಿಳಿಯಲಿಲ್ಲ. ಆ ಪ್ರಯೋಗಗಳ ಕ್ರೌರ್ಯಕ್ಕೆ ಸಮರ್ಥನೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಆದರೆ ಒಮ್ಮೆ ನಡೆದುಹೋದ ಮೇಲೆ, ಅದರಿಂದ ತಿಳಿದದ್ದನ್ನು ತಿಳಿಯದವರಂತೆ ನಾವು ಇರಲಾಗದು. ಹಲಸಿನ ಮರದ ಕೆಳಗೆ ನಮ್ಮ ಮನೆಯವರು ಕರುಣೆಯಿಂದ ಅದನ್ನೇ ಮಾಡಿದ್ದರು.

ಹಾರ್ಲೊನ ಆ ಕಾಲದಲ್ಲಿ ಪೋಲಿಯೊ ಲಸಿಕೆಗೂ ಪ್ರಯೋಗಾಲಯಗಳಿಗೂ ಬೇಕಾದ ರೀಸಸ್ ಕೋತಿಗಳು ನಮ್ಮ ದೇಶದಿಂದಲೇ ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ ಹೋಗುತ್ತಿದ್ದವು. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ರಫ್ತು ನಿಲ್ಲಿಸಿತು. ಕೋತಿ ಕುಣಿಸುವುದಕ್ಕೆ 1998ರ ಅಧಿಸೂಚನೆ ತಡೆ ಹಾಕಿತು. ಸುಪ್ರೀಂ ಕೋರ್ಟ್ 2001ರಲ್ಲಿ ಅದನ್ನು ಎತ್ತಿಹಿಡಿಯಿತು. ನಮ್ಮ ಊರ ಮಂಗವನ್ನು ಮನೆಯಲ್ಲಿ ಕಟ್ಟಿಹಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಟ್ಟಿಗೆ ನಾವು ಅಷ್ಟೇನೂ ಹಿಂದಿಲ್ಲ.

ಈಗ ದಾರಿ ತಿರುಗಿದೆ. ಅಂದು ನಮ್ಮಿಂದ ಹೊರಕ್ಕೆ ಹೋಗುತ್ತಿದ್ದವು, ಇಂದು ಹೊರಗಿನಿಂದ ನಮ್ಮ ಫ್ಲ್ಯಾಟುಗಳಿಗೆ ಬರುತ್ತಿವೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ, ವಾರಸುದಾರರಿಲ್ಲದ ಸಾಮಾನು ಸಿಕ್ಕಿತು. ಕಸ್ಟಮ್ಸ್‌ನವರು ಬಿಚ್ಚಿ ನೋಡಿದರೆ 55 ಬಾಲ್ ಪೈಥಾನ್ ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು, ಆರು ಕ್ಯಾಪುಚಿನ್ ಮಂಗಗಳು. ಹಾವುಗಳು ಬದುಕಿದ್ದವು. ಮಂಗಗಳು ಆರೂ ಸತ್ತಿದ್ದವು. ದಕ್ಷಿಣ ಅಮೆರಿಕದ ಕಾಡಿನ ಜಾತಿ, ಬ್ಯಾಂಕಾಕ್‌ನ ಪೇಟೆ, ದೇವನಹಳ್ಳಿಯ ಬೆಲ್ಟಿನ ಮೇಲೆ ಸುತ್ತುವ ಸೂಟ್‌ಕೇಸು. ಕೊಳ್ಳುವವರು ಇಲ್ಲಿ ಯಾರೋ ಇರದೆ ಆ ಸೂಟ್‌ಕೇಸು ಬರುತ್ತಿರಲಿಲ್ಲ.

ಆ ಯಾರೋ ನಿಮ್ಮ ಅಪಾರ್ಟ್‌ಮೆಂಟಿನವರಿರಬಹುದು. ಅಂಗೈಯಗಲದ ಮಾರ್ಮೊಸೆಟ್ ಮಂಗವನ್ನು ಮಗಳ ಹುಟ್ಟುಹಬ್ಬಕ್ಕೆ ತರಿಸುವ ಯೋಚನೆ ಮಾಡುತ್ತಿರಬಹುದು. ಮರಿಯನ್ನು ಒಂಟಿಯಾಗಿ ಮಾರುತ್ತಿದ್ದಾರೆ ಎಂದರೆ ಅದನ್ನು ತಾಯಿಯಿಂದ ಕಿತ್ತಿದ್ದಾರೆ ಎಂದೇ ಅರ್ಥ ಎಂದು ಅವರಿಗೆ ಹೇಳಿ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಯನ್ನು ಇಟ್ಟುಕೊಂಡವರು, ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ನಂತರ, ನೋಂದಣಿ ಮಾಡಿಸಲೇಬೇಕು. ಮಂಗಗಳೆಲ್ಲ ಆ ಪಟ್ಟಿಯಲ್ಲಿವೆ ಎಂದೂ ಹೇಳಿ. ಎರಡನೆಯದಕ್ಕೆ ಹೆಚ್ಚು ಕಿವಿಗೊಡುತ್ತಾರೆ ಎಂಬುದು ನನ್ನ ಅನುಭವ. ತಾಯಿ ಸತ್ತ ಮಂಗನ ಮರಿ ನಿಮ್ಮ ಊರಲ್ಲಿ ಸಿಕ್ಕರೆ ಮನೆಗೆ ತಂದು ಹೆಸರಿಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಈಗಾಗಲೇ ಒಂದನ್ನು ಕಟ್ಟಿಕೊಂಡಿದ್ದರೆ ದಯವಿಟ್ಟು ನಮ್ಮ ಅಜ್ಜನ ಮನೆಯವರ ಜೀಪಿನ ದಾರಿ ಹಿಡಿಯಬೇಡಿ. ಅದೇ ನಂಬರಿಗೆ ಹೇಳಿ, ಒಪ್ಪಿಸಿ.

ಇಷ್ಟೆಲ್ಲ ಬರೆದ ಮೇಲೆ "ಹಾಗಾದರೆ ಝೂಗಳನ್ನೇ ಮುಚ್ಚಿ ಅಂತೀರಾ" ಎಂದು ಕೇಳುವವರಿದ್ದಾರೆ. ಇಲ್ಲ. ಅಲ್ಲೇ ಹುಟ್ಟಿದವನ್ನೂ, ಸೂಟ್‌ಕೇಸಿನಲ್ಲಿ ಬದುಕಿ ಉಳಿದವನ್ನೂ, ಕೆಂಚನಂಥವನ್ನೂ ಕಳಿಸಲು ಬೇರೆ ಮನೆ ಇಲ್ಲ. ಅವು ಅಲ್ಲೇ ಇರಬೇಕಾದವು, ಮೂವತ್ತು ನಲವತ್ತು ವರ್ಷ ಇರಬೇಕಾದವು. ಮೈಸೂರಿನಲ್ಲಿ ಪೋಲೊ ಎಂಬ ಗೊರಿಲ್ಲಾ ಇದ್ದದ್ದು ನನ್ನ ವಾರಿಗೆಯವರಿಗೆಲ್ಲ ನೆನಪಿರುತ್ತದೆ. ಡಬ್ಲಿನ್‌ನಿಂದ ಬಂದವನು, ಇಡೀ ಭಾರತಕ್ಕೆ ಒಬ್ಬನೇ. ಆ ಒಬ್ಬನೇ ಎಂಬುದನ್ನು ನೆಂಟರಿಗೆ ನಾವು ಹೆಮ್ಮೆಯಿಂದ ಹೇಳುತ್ತಿದ್ದೆವು. ಗುಂಪಿನಲ್ಲಿ ಬಾಳುವ ಜಾತಿಗೆ ಅದು ಹೆಮ್ಮೆಯ ಮಾತೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ಬೆನ್ನು ಮಾಡಿ ಕೂತರೆ "ಈ ಕಡೆ ತಿರುಗೋ" ಎಂದು ಚಪ್ಪಾಳೆ ತಟ್ಟುತ್ತಿದ್ದ ಜನರ ನಡುವೆ ನಾನೂ ನಿಂತಿದ್ದೇನೆ. 2014ರಲ್ಲಿ ಪೋಲೊ ತೀರಿಕೊಂಡ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದವು; ಅದೇ ವರ್ಷ ಮಲೇಷ್ಯಾ, ಸಿಂಗಪುರಗಳಿಂದ ನಾಲ್ಕು ಒರಾಂಗುಟಾನ್‌ಗಳು. ಈ ಸಲ ಒಂಟಿಯಾಗಿ ತರಲಿಲ್ಲ ಎಂಬುದು ನನಗೆ ಸಮಾಧಾನ ಕೊಟ್ಟ ಸಂಗತಿ.

ಒಳ್ಳೆಯ ಪಾಲಕರು ಏನೇನು ಮಾಡುತ್ತಾರೆ ಎಂಬುದನ್ನೂ ನೋಡಲು ಕಲಿಯಿರಿ. ಬಿದಿರಿನ ಗಳಕ್ಕೆ ತೂತು ಕೊರೆದು ಒಳಗೆ ಒಣದ್ರಾಕ್ಷಿ ತುಂಬಿಡುತ್ತಾರೆ, ಮಂಗ ಕಡ್ಡಿ ಹಾಕಿ ಕೆದಕಿ ತೆಗೆಯಲಿ ಎಂದು. ಬೇಸಗೆಯಲ್ಲಿ ಹಣ್ಣನ್ನು ಮಂಜುಗಡ್ಡೆಯೊಳಗೆ ಹೆಪ್ಪುಗಟ್ಟಿಸಿ ಕೊಡುತ್ತಾರೆ. ಕಾಳನ್ನು ತಟ್ಟೆಯಲ್ಲಿಡದೆ ಹುಲ್ಲಿನಲ್ಲಿ ಎರಚುತ್ತಾರೆ. ಹತ್ತು ನಿಮಿಷದ ಊಟ ಎರಡು ಗಂಟೆಯ ಕೆಲಸವಾಗುತ್ತದೆ. ಅಗ್ನಿಶಾಮಕ ದಳದ ಹಳೆಯ ಪೈಪಿನಿಂದ ಉಯ್ಯಾಲೆ ಹೆಣೆಯುತ್ತಾರೆ. ಇದಕ್ಕೆಲ್ಲ ದೊಡ್ಡ ದುಡ್ಡು ಬೇಡ, ಕೈಗಳು ಬೇಕು, ವೇಳೆ ಬೇಕು. ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇದೆ. ಮಗುವಿನ ಹುಟ್ಟುಹಬ್ಬಕ್ಕೆ ಕೇಕಿನ ಜೊತೆ ಅದನ್ನೂ ಸೇರಿಸಿಕೊಳ್ಳಿ. ಹುಲಿ ಆನೆಗಳಿಗೆ ಜನ ಮುಗಿಬೀಳುತ್ತಾರೆ, ನೀವು ಮಂಗವನ್ನು ಕೇಳಿ.

ಇನ್ನೊಂದು ವಿಷಯದಲ್ಲಿ ನಿಮ್ಮ ಸಹಾಯ ಅಗತ್ಯವಾಗಿ ಬೇಕು. "ದುಡ್ಡು ಕೊಟ್ಟು ಬಂದರೆ ಪ್ರಾಣಿ ಕಾಣೋದೇ ಇಲ್ಲ" ಎಂದು ದೂರು ಪುಸ್ತಕದಲ್ಲಿ ಬರೆಯುವವರು ಬಹಳ. ಪ್ರಾಣಿ ಕಾಣದಿದ್ದರೆ ಅಲ್ಲಿ ಪೊದೆ ಇದೆ, ಮರೆ ಇದೆ, ಬೆನ್ನು ತಿರುಗಿಸಲು ಜಾಗವಿದೆ ಎಂದರ್ಥ. ಅಂಥ ಆವರಣ ಕಂಡರೆ "ಚೆನ್ನಾಗಿದೆ, ಹೀಗೇ ಇರಲಿ" ಎಂದು ಅದೇ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ಏಳು ಹೆಜ್ಜೆಯ ಸುತ್ತು ಕಂಡರೆ ಅದನ್ನೂ ಬರೆಯಿರಿ: ಯಾವ ಬೋನು, ಎಷ್ಟು ಹೊತ್ತು, ಒಂಟಿಯೋ ಜೊತೆಯೋ. ಹೊಸ ಪ್ರಾಣಿ ಯಾವಾಗ ತರುತ್ತೀರಿ ಎಂದು ಕೇಳುವ ಬದಲು ಇರುವುದಕ್ಕೆ ಜೊತೆ ಯಾವಾಗ ಎಂದು ಕೇಳಿ.

ನೋಡುವವರ ಬಗ್ಗೆ ಅವು ಏನೆಂದುಕೊಳ್ಳುತ್ತವೆ ಎಂಬುದಕ್ಕೆ ಸ್ವೀಡನ್ನಿನ ಫುರುವಿಕ್ ಮೃಗಾಲಯದ ಸಾಂಟಿನೊ ಎಂಬ ಗಂಡು ಚಿಂಪಾಂಜಿಯ ಕಥೆ ಹೇಳಬೇಕು. ಬೆಳಿಗ್ಗೆ ಗೇಟು ತೆರೆಯುವ ಮೊದಲೇ, ತಣ್ಣಗೆ, ಅವನು ಕಂದಕದ ನೀರಿನಿಂದ ಕಲ್ಲು ಹೆಕ್ಕಿ, ಕಾಂಕ್ರೀಟಿನ ಚಕ್ಕೆ ಎಬ್ಬಿಸಿ, ಜನ ಬಂದು ನಿಲ್ಲುವ ಬದಿಯಲ್ಲಿ ಗುಡ್ಡೆ ಹಾಕಿಡುತ್ತಿದ್ದ. ಜನ ಸೇರಿದ ಮೇಲೆ ಒಂದೊಂದಾಗಿ ಬೀಸುತ್ತಿದ್ದ. ನಾಳೆ ಬರುವ ಕೋಪಕ್ಕೆ ಇಂದೇ ಮದ್ದುಗುಂಡು ಸಿದ್ಧಮಾಡುವ ಈ ಮುಂದಾಲೋಚನೆಯನ್ನು ಮಥಿಯಾಸ್ ಓಸ್ವಾತ್ ಎಂಬ ವಿಜ್ಞಾನಿ 2009ರಲ್ಲಿ ವರದಿ ಮಾಡಿದಾಗ ಜಗತ್ತು ಬೆರಗಾಯಿತು. ನನಗೆ ಬೆರಗು ಹುಟ್ಟಿಸಿದ್ದು ಇನ್ನೊಂದು ವಿವರ. ಚಳಿಗಾಲದಲ್ಲಿ ಮೃಗಾಲಯ ಮುಚ್ಚಿರುವ ತಿಂಗಳುಗಳಲ್ಲಿ ಅವನು ಒಂದು ಕಲ್ಲನ್ನೂ ಕೂಡಿಡುತ್ತಿರಲಿಲ್ಲ. ತಿಂಗಳುಗಟ್ಟಲೆ ಮಂಗಳವಾರ! 2022ರ ಡಿಸೆಂಬರಿನಲ್ಲಿ ಅಲ್ಲಿನ ಚಿಂಪಾಂಜಿಗಳು ತಮ್ಮ ಮನೆಯಿಂದ ಹೊರಬಂದವು, ಅವುಗಳಲ್ಲಿ ಕೆಲವನ್ನು ಗುಂಡಿಕ್ಕಿ ಕೊಂದರು. ಸತ್ತವರಲ್ಲಿ ಸಾಂಟಿನೊ ಕೂಡ ಒಬ್ಬ.

ನಮ್ಮ ಜನ ಶನಿವಾರ ಹನುಮಂತನಿಗೆ ವೀಳ್ಯದೆಲೆಯ ಹಾರ ಹಾಕಿಸಿ ಭಾನುವಾರ ಝೂಗೆ ಹೋಗುತ್ತಾರೆ. ಆ ಭಾನುವಾರದ ಬಗ್ಗೆ ಹೇಳಿ ಮುಗಿಸುತ್ತೇನೆ. ಒಂದು ಆವರಣ ಆರಿಸಿಕೊಳ್ಳಿ. ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ. ಮಕ್ಕಳಿಗೆ ಪಿಸುಮಾತಿನಲ್ಲಿ ಒಂದು ಆಟ ಹೇಳಿಕೊಡಿ: ಯಾರು ಯಾರ ಮೈ ಹೆಕ್ಕುತ್ತಿದ್ದಾರೆ, ಯಾರು ಬಂದರೆ ಯಾರು ಎದ್ದು ಜಾಗ ಬಿಡುತ್ತಾರೆ, ಮರಿ ಎಷ್ಟು ದೂರ ಹೋದಾಗ ತಾಯಿ ಬಾಲ ಹಿಡಿದು ಎಳೆಯುತ್ತಾಳೆ ಎಂದು ಎಣಿಸುವುದು. ಹೋದ ವರ್ಷ ನನ್ನ ತಂಗಿಯ ಮೊಮ್ಮಗ, ಏಳು ವರ್ಷದವನು, ಹೀಗೆ ಅರ್ಧ ಗಂಟೆ ನಿಂತ. "ತಾತ, ಆ ಮುದುಕಿ ಮಂಗ ಯಾರಿಗೂ ಹೆಕ್ಕಲ್ಲ, ಎಲ್ಲರ ಹತ್ರಾನೂ ಹೆಕ್ಕಿಸ್ಕೊಳ್ತಾಳೆ, ಥೇಟ್ ಅಜ್ಜಿ ಥರ" ಎಂದ. ಅಜ್ಜಿ ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ ನಡೆದದ್ದು ಇಲ್ಲಿ ಬೇಡ.

ಹಬ್ಬದ ನೂಕುನುಗ್ಗಲಿಗಾಗಿ ಕೆಲವು ವರ್ಷ ದಸರೆಯ ಮಂಗಳವಾರವೂ ಗೇಟು ತೆರೆಯುವುದುಂಟು. ಈ ಸಲವೂ ತೆರೆದರೆ, ನಿಮಗೆ ಬೇರೆ ದಿನ ಸಾಧ್ಯವಿದ್ದರೆ, ಅವತ್ತು ಹೋಗಬೇಡಿ. ಮಂಗಳವಾರವೇ ಮೈಸೂರಿನಲ್ಲಿ ಉಳಿಯಬೇಕಾಗಿ ಬಂದರೆ ಅರಮನೆ ನೋಡಿ, ಬೆಟ್ಟಕ್ಕೆ ಬಸ್ ಇದೆ. ಅರಮನೆಯ ಹೊರಗೆ ಕಾಫಿ ಕುಡಿಯುತ್ತಾ ಕೂತವರಲ್ಲಿ ನಾನೂ ಇರುತ್ತೇನೆ.